ಕೈಗೆ ಹತ್ತಿದ ನೋವು

"ಆ ಪುಸ್ತಕ ಓದೋದಾದ್ರೆ ಓದು. ಅದರಲ್ಲಿರೋ ಥರ ಪಟ್ಟಿ ಮಾತ್ರ ಕಟ್ಟಬೇಡ ಮಾರಾಯ," ಎಂದ ಅರ್ಮಾಂಡ್. ನಿಕಲ್ ಗಣಿಯೂರೊಂದರ ಐಸ್ ಹಾಕಿ ತಂಡದ ಸ್ಕೇಟುಗಳಿಗೆ ನಲವತ್ತು ವರ್ಷ ಸಾಣೆ ಹಿಡಿದ ಮುದುಕ. "ಗಂಟು ಬಿದ್ದ ಕೂಡಲೇ ನೋವು ಕಟ್ಟಿದೋನ ಕೈಗೆ ಹತ್ತುತ್ತೆ. ಆಮೇಲೆ ಆ ಕೈ ಮೊದಲು ಯಾವ ಮೈ ಮುಟ್ಟುತ್ತೋ, ಅಲ್ಲಿಗೆ ಇಳಿಯುತ್ತೆ."

ಐನೋ ನಕ್ಕುಬಿಟ್ಟ. ಆಟಗಾರರ ಗಾಯ ನೋಡಿಕೊಳ್ಳಲು ಟೊರಾಂಟೊದಿಂದ ಹುಟ್ಟೂರಿಗೆ ಮರಳಿ ವಾರವಾಗಿತ್ತಷ್ಟೆ. "ಡಾಕ್ಟರು ಬರೆದದ್ದು ಅಜ್ಜ, ಮಾಟಗಾತಿಯಲ್ಲ!"

ಆಟದ ಗಾಯಗಳ ಚಿಕಿತ್ಸೆಯ ಪುಸ್ತಕ. ಐವತ್ತು ವರ್ಷ ಹಳೆಯದು, ಬೇರೆಲ್ಲೂ ಸಿಗದ್ದು. ತೊಗಲಿನ ರಟ್ಟು ತೆರೆದರೆ ಕರ್ಪೂರದೆಣ್ಣೆಯ ಘಾಟು, ಅದರಡಿಯಲ್ಲಿ ಹಳೇ ರಕ್ತದ ಕಮಟು.

ಬೆಂಚಿನ ಮೇಲೆ ಐನೋನ ತಮ್ಮ ತಾವಿ ಮಂಡಿ ಹಿಡಿದು ಕೂತಿದ್ದ. ಮಂಡಿ ಕುಂಬಳಕಾಯಿಯಷ್ಟು ಊದಿತ್ತು. ದೊಡ್ಡ ತಂಡದವರು ಅವನ ಆಟ ನೋಡಿ ಆರಿಸಿಕೊಳ್ಳಲೆಂದೇ ಬಂದಿದ್ದರು.

"ಇವತ್ತು ಆಡದಿದ್ರೆ ಮುಗೀತು ಕಣೋ ಅಣ್ಣ. ನಾಳೆಯಿಂದ ಗಣಿಗೇ. ಅಪ್ಪ ಸತ್ತ ಗುಂಡಿಗೇ."

ಇನ್ನೇನು ಮಾಡಿಯಾನು? ಐನೋ ಪುಸ್ತಕ ಬಿಡಿಸಿದ. ಹನ್ನೊಂದು ಸುತ್ತು ನಾರುಬಟ್ಟೆ, ಸುತ್ತಿಗೊಮ್ಮೆ ಗಾಯಾಳುವಿನ ಹೆಸರು. ಗಂಟು ಬಿತ್ತು. ಕಣ್ಣೆದುರೇ ಊತ ಇಳಿಯಿತು.

"ದೇವರು ಕಣೋ ನೀನು!" ಎಂದು ಕೂಗುತ್ತ ತಾವಿ ಮಂಜಿನ ಅಂಕಣಕ್ಕೆ ಓಡಿದ.

ಆಗ ಐನೋನ ಅಂಗೈ ಉರಿಯತೊಡಗಿತು. ಮುಷ್ಟಿ ಬಿಗಿದರೆ ಒಳಗೆ ಮೂಳೆಗೆ ಮೂಳೆ ತಿಕ್ಕುವ ಸದ್ದು. ಅವನ ನಗು ಅಲ್ಲಿಗೆ ನಿಂತಿತು. ಅರ್ಮಾಂಡ್ ಆ ಕೈ ನೋಡಿ ಎದೆ ಮೇಲೆ ಶಿಲುಬೆ ಗುರುತು ಎಳೆದುಕೊಂಡ. ದಪ್ಪ ತೊಗಲಿನ ಕೈಗವಸು ಅವನತ್ತ ಎಸೆದ.

"ತೊಟ್ಕೋ. ಎಲ್ಲಾದ್ರೂ ಕೋಳಿ ಹುಡುಕಿ ತರ್ತೀನಿ, ಅದರ ಮೇಲೆ ಇಳಿಸು. ಅಲ್ಲೀತನಕ ಯಾರನ್ನೂ ಮುಟ್ಟಬೇಡ, ನಿನ್ನ ದಮ್ಮಯ್ಯ!"

ತಾವಿ ಎರಡು ಗೋಲು ಹೊಡೆದ. ಜನ ಹುಚ್ಚೆದ್ದು ಕೂಗಿದರು. ಮೂರನೆಯದಕ್ಕೆ ನುಗ್ಗುವಾಗ ಯಾರೋ ಹಿಂದಿನಿಂದ ಗುದ್ದಿದರು. ಅಂಕಣದ ಅಂಚಿನ ಹಲಗೆಗೆ ತಲೆ ಬಡಿಯಿತು. ಧಡ್!

ತಾವಿ ಬಿದ್ದ. ಅಲುಗಲಿಲ್ಲ. ಕೂಗು ನಿಂತಿತು.

ಐನೋ ಓಡಿದ. ಜಾರಿದ. ಎದ್ದ. ಮತ್ತೆ ಓಡಿದ. ಬಿದ್ದವನ ಕತ್ತು ಅಲುಗಬಾರದು. ಮೊದಲು ತಲೆ ಹಿಡಿ. ಎರಡೂ ಅಂಗೈಯಲ್ಲಿ ಹಿಡಿ. ಹನ್ನೆರಡು ವರ್ಷ ಮಾಡಿದ ಕೆಲಸ. ಗವಸಿನಲ್ಲಿ ಕತ್ತಿನ ಮೂಳೆ ಕೈಗೆ ಸಿಗುವುದಿಲ್ಲ. ಹಲ್ಲಿನಿಂದ ಗವಸು ಕಿತ್ತ. ಉಗಿದ. ಹಿಡಿದ.

ತಾವಿ ಕಣ್ಣು ಬಿಟ್ಟ. ನಕ್ಕ.

"ಏನಾಗಿಲ್ಲ ಕಣೋ. ಉಸಿರು ಕಟ್ಟಿತ್ತಷ್ಟೆ. ಬಿಡು, ಏಳ್ತೀನಿ."

ಐನೋನ ಅಂಗೈ ತಣ್ಣಗಾಯಿತು. ಉರಿ ಪೂರ್ತಿ ಹೋಯಿತು. ಅಯ್ಯೋ, ಎಂದು ಅವನು ಕೈ ಕಿತ್ತುಕೊಳ್ಳುವಷ್ಟರಲ್ಲಿ ತಮ್ಮನ ಕತ್ತಿನೊಳಗೆ ಕಟಕ್ಕೆಂದಿತು.

"ಅಣ್ಣಾ," ಎಂದ ತಾವಿ. ಮುಖದ ನಗು ಇನ್ನೂ ಹೋಗಿರಲಿಲ್ಲ. "ನನ್ನ ಕಾಲು ಎಲ್ಲಿ ಹೋಯ್ತೋ?"