ಸಂತೆಗೆ ಹೋಗಿಬಂದ ಅರ್ಲ್

ಈಥ್ನೆ ಅಪ್ಪನಿಗೆಂದು ತರುತ್ತಿದ್ದ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲನ್ನು ದಿನವೂ ಬಾಗಿಲಲ್ಲೇ ಕಸಿದುಕೊಳ್ಳುತ್ತಿದ್ದ ಚಿಕ್ಕಪ್ಪ ಗಿಲ್ಬರ್ಟ್, ಅಂದು ಅವಳನ್ನು ಒಳಗೆ ಬಿಟ್ಟ. ಹಾಸಿಗೆಯಲ್ಲಿ ಅವಳ ಅಪ್ಪ—ಕಾರ್ನಾಕ್ ಸೀಮೆಯ ಒಡೆಯ, ಅರ್ಲ್ ಮಾಲಿಸ್. ಮೈ ತಣ್ಣಗಾಗಿತ್ತು.

"ಪದವಿ, ಕೋಟೆ, ಸೀಮೆ ಎಲ್ಲ ನನಗೆ ಬರೆದಿದ್ದಾನೆ," ಗಿಲ್ಬರ್ಟ್ ಪತ್ರ ಆಡಿಸಿದ. "ಕೆಳಗೆ ಕುದುರೆ ಸಿದ್ಧವಾಗಿದೆ. ಸನ್ಯಾಸಿನಿಯರ ಮಠಕ್ಕೆ ಹೊರಡು."

"ಸಾಯೋ ಹಾಸಿಗೇಲಿ ಮುದ್ರೆ ಒತ್ತಿಸಿಕೊಂಡ್ರೆ ನಡೆಯುತ್ತಾ ಚಿಕ್ಕಪ್ಪ? ಮಗಳು ನಾನು ಬದುಕಿಲ್ವಾ?"

"ಬರೆದ ಮೇಲೆ ಚರ್ಚಿಗೂ ಸಂತೆಗೂ ನಡ್ಕೊಂಡು ಹೋಗಿಬಂದ. ಊರೇ ನೋಡಿದೆ!"

ಗಂಟು ಇದ್ದದ್ದೇ ಅಲ್ಲಿ. ಪತ್ರ ಬರೆದವನು ಆಸರೆಯಿಲ್ಲದೆ ಚರ್ಚಿಗೂ ಸಂತೆಗೂ ನಡೆದರೆ ಅವನು ಸಾಯುವ ರೋಗಿಯಲ್ಲ, ಪತ್ರ ಊರ್ಜಿತ. ಕಾನೂನು ಹಾಗಿತ್ತು.

ಈಥ್ನೆ ಹೇಳಿಕಳಿಸಿದ್ದಕ್ಕೆ ರಾಜನ ನ್ಯಾಯಾಧಿಕಾರಿ ಡೂಗಲ್ ಬಂದವನೇ, ಊರಿನ ಸಾಕ್ಷಿಗಳನ್ನು ಕರೆಸಿ ಆ ಕೋಣೆಯಲ್ಲೇ ವಿಚಾರಣೆ ಶುರುಮಾಡಿದ. ಒರಟ. ಕೂರಲೇ ಇಲ್ಲ, ಅತ್ತಿಂದಿತ್ತ ಓಡಾಡುತ್ತಲೇ ಇದ್ದ. ಈಥ್ನೆಗೂ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಪಾದ್ರಿಗಳೇ, ಅರ್ಲ್ ಕೋಲು ಹಿಡಿದಿದ್ರಾ?"

"ಇಲ್ಲ."

"ಯಾರಾದ್ರೂ ರಟ್ಟೆ ಹಿಡಿದಿದ್ರಾ?"

"ಇಲ್ಲ. ಕಣ್ಣು ನೆಟ್ಟು ನೋಡಿದೆ."

"ಮುಖ?"

"ಚಳಿ ಸ್ವಾಮಿ, ಮುಸುಕು ಎಳ್ಕೊಂಡಿದ್ರು. ಅವರದೇ ಕೆಂಪು ನಿಲುವಂಗಿ, ಅವರದೇ ಉಂಗುರ."

ಈಥ್ನೆ ಅಪ್ಪನ ಹಾಸಿಗೆಯತ್ತ ನೋಡಿದಳು. ಮುಗಿಯಿತೇ?

ರೊಟ್ಟಿ ಮಾರುವ ಮೋರಾಗ್ ಮುಂದೆ ಬಂದಳು. "ಅದೇನು ನಡಿಗೆ ಅಂತೀರಿ! ನನ್ನ ಓಟ್ಸ್ ರೊಟ್ಟೀನೂ ತಿಂದ್ರು. ಕಲ್ಲಿನ ಹಾಗಿದೆ ಅಂತ ನನ್ನ ಗಂಡ ಬೈತಾನೆ. ಅವರು ಕಟಕ್ ಅಂತ ಕಡಿದು ನಿಂತಲ್ಲೇ ಮುಗಿಸಿದ್ರು!"

ಡೂಗಲ್‌ನ ಓಡಾಟ ಗಕ್ಕನೆ ನಿಂತಿತು. ಅವನ ಕಣ್ಣು ಕಿಟಕಿಯ ಬಳಿಯಿದ್ದ ಬಟ್ಟಲ ಮೇಲೆ ಬಿತ್ತು.

"ಮಗಳೇ, ರೊಟ್ಟಿ ಯಾಕೆ ನೆನೆಸಿದ್ದೆ?"

"ಅಪ್ಪನಿಗೆ ಹಲ್ಲಿಲ್ಲ. ಯಾವತ್ತೋ ಉದುರಿದ್ವು. ನಾಚಿಕೆಗೆ ಹೊರಗೆಲ್ಲೂ ಏನೂ ತಿಂತಿರ್ಲಿಲ್ಲ..." ಈಥ್ನೆ ತಟ್ಟನೆ ಮೋರಾಗ್‌ಳತ್ತ ತಿರುಗಿದಳು.

ಡೂಗಲ್ ಹೆಣದ ತುಟಿ ಸರಿಸಿದ. ಬರೀ ಒಸಡು!

"ಕಾನೂನು ಕೇಳೋದು ಕಾಲಿನ ಬಗ್ಗೆ. ಅದಕ್ಕೇ ಊರೆಲ್ಲ ಕಾಲನ್ನೇ ನೋಡ್ತು, ಬಾಯನ್ನ ಯಾರೂ ನೋಡ್ಲಿಲ್ಲ," ಎಂದು ತಿರುಗಿದ. "ಗಿಲ್ಬರ್ಟ್, ಈ ಕೋಣೆ ಕೀಲಿ ನಿನ್ನ ಸೊಂಟದಲ್ಲೇ ಇತ್ತು. ನಿಲುವಂಗಿ, ಉಂಗುರ ಬೇರೆ ಯಾರ ಕೈಗೂ ಸಿಗೋ ಹಾಗಿರಲಿಲ್ಲ. ಮೈಕಟ್ಟೂ ಅಣ್ಣನದೇ. ಸಂತೇಲಿ ನಡೆದೋನು ನೀನು!"

ಗಿಲ್ಬರ್ಟ್ ಹಲ್ಲು ಕಡಿದ. ಕೋಣೆಗೆಲ್ಲ ಕೇಳಿಸಿತು.

"ಅದೇ ಸದ್ದು!" ಮೋರಾಗ್ ಕೂಗಿದಳು. "ನನ್ನ ರೊಟ್ಟಿ ನುಂಗಿದ ಕಳ್ಳ ಇವನೇನಾ?"

ಈಥ್ನೆ ಗಿಲ್ಬರ್ಟ್‌ನ ಬೆರಳಿನಿಂದ ಅಪ್ಪನ ಉಂಗುರ ಎಳೆದುಕೊಂಡಳು. ಅವಳ ಬೆರಳಿಗೆ ಸಡಿಲವಾಗಿತ್ತು. ಮುಷ್ಟಿ ಬಿಗಿದಳು.

"ಕೆಳಗೆ ಕುದುರೆ ಸಿದ್ಧವಾಗಿದೆ, ಚಿಕ್ಕಪ್ಪ. ನೀನೇ ಹತ್ತು."