ಸಲ್ಲಿಸು ಅಲ್ಲ, ಕಳಸ್ರಿ

ಮಾತಾಡದೆ ಕೂರುವುದೇ ನನ್ನ ಕೆಲಸವಾಗಿತ್ತು. ವಿಶ್ವವಿದ್ಯಾಲಯದ ಹೊಸ ಪೋರ್ಟಲ್ ಬಂದರೆ ವಿದ್ಯಾರ್ಥಿಗಳು ಅಂಕಪಟ್ಟಿಗಾಗಿ ಬೆಳಗಾವಿಗೆ ಅಲೆಯಬೇಕಿಲ್ಲ. ಅದರ ಪುಟಗಳನ್ನು ಕಟ್ಟಿದವನು ನಾನು, ಪರಾಗ. ಎಲ್ಲರಿಗೂ ತೆರೆಯುವ ಮೊದಲು ಖಾನಾಪುರದ ಕಾಲೇಜಿನಲ್ಲಿ ಒಬ್ಬರ ಕೈಯಿಂದ ಮೂರು ಸಲ ಬಳಸಿಸಿ ನೋಡಬೇಕಿತ್ತು. ಬಳಸುವವರು ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು. ನಾನು ತುಟಿ ಬಿಚ್ಚದೆ ವಹಿಯಲ್ಲಿ ಬರೆದುಕೊಳ್ಳಬೇಕು.

ಬಂದವಳು ಮಾಯಾ, ಹಲಸಿಯವಳು, ಎಂ.ಎ. ಕೊನೆಯ ವರ್ಷ. ಕೆನ್ನೆಗೆ ಬಂದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಕಂಪ್ಯೂಟರನ್ನು ಗದರಲು ಶುರು ಮಾಡಿದಳು.

“ಉಪನಾಮ ಅಂತ! ಯಾರ್ರಿ ಹಂಗ ಅಂತಾರ? ಅಡ್ಡಹೆಸರು ಅನ್ರಿ. ಮತ್ತ ಇದೇನು, ‘ಸಲ್ಲಿಸು’? ನಾ ಏನ್ ಇವರ ಮನಿ ಆಳೇನು? ‘ಕಳಸ್ರಿ’ ಅಂದ್ರ ಇವರ ಗಂಟೇನ್ ಹೋಗ್ತದ?”

ನಾನು ತಲೆ ತಗ್ಗಿಸಿ ಬರೆದೆ. ಕಿವಿ ಬಿಸಿಯಾಗಿತ್ತು.

“ಇದನ್ನ ಮಾಡಿದವರ ಕೂಡ ಯಾರೂ ಪ್ರೀತಿಲೆ ಮಾತಾಡೂದಿಲ್ಲ ಕಾಣಸ್ತದ, ಪಾಪ,” ಎಂದು ನನ್ನತ್ತ ತಿರುಗಿದಳು. “ಯಾರ್ರಿ ಸರ್, ಅವರು?”

ಪೆನ್ನಿನಿಂದ ನನ್ನೆದೆಯನ್ನೇ ತೋರಿಸಿದೆ. ಅವಳ ಕೈ ಬಾಯಿಗೆ ಹೋಯಿತು. ಕಣ್ಣು ಮಾತ್ರ ನಗುತ್ತಲೇ ಇತ್ತು. ಆ ನಗುವನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಬೆಳಗಾವಿಯ ಮಹಾಂತೇಶ ನಗರದ ನನ್ನ ಕೋಣೆಯಲ್ಲಿ ಒಂದೊಂದೇ ಶಬ್ದ ಬದಲಿಸುತ್ತಾ ಹೋದೆ. ಪ್ರತಿ ಬಟನ್ನನ್ನೂ ಅವಳ ದನಿಯಲ್ಲಿ ಓದಿ ನೋಡುತ್ತಿದ್ದೆ. ‘ಹೆಸರು ತುಂಬ್ರಿ.’ ‘ಸ್ವಲ್ಪ ತಡೀರಿ.’ ಕಿಟಕಿಯಾಚೆ ಬೆಳಗಿನ ಮಂಜು ಕರಗಿ ಬಿಸಿಲು ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಹುಚ್ಚು ಹಿಡಿದಿದೆ ಎಂದು ನನಗೇ ಅನಿಸಿತು, ಹಿತವಾಗಿಯೂ ಇತ್ತು.

ಎರಡನೆಯ ಸಲ ಅವಳು ಅಷ್ಟಾಗಿ ಬೈಯಲಿಲ್ಲ. ‘ಸ್ವಲ್ಪ ತಡೀರಿ’ ಎಂದು ಬಂದಾಗ, “ಹೂಂ, ತಡೀತೀನ್ರಿ” ಅಂದಳು. ನೋಡಿದ್ದು ಮಾತ್ರ ಪರದೆಯನ್ನಲ್ಲ, ನನ್ನನ್ನು.

ಮೂರನೆಯದೇ ಕೊನೆಯದು. ಮರುದಿನ ಪೋರ್ಟಲ್ ಎಲ್ಲರಿಗೂ ತೆರೆಯುತ್ತಿತ್ತು. ಆಮೇಲೆ ಖಾನಾಪುರಕ್ಕೆ ಬರಲು ನನಗೆ ಯಾವ ನೆಪವೂ ಇರಲಿಲ್ಲ. ಎಲ್ಲಾದರೂ ತೊಡಕಾಗಲಿ, ನಾನೇ ಕಟ್ಟಿದ್ದು ಕೆಡಲಿ ಎಂದು ಬೇಡಿಕೊಂಡೆ. ಕೆಡಲಿಲ್ಲ. ಎರಡೇ ನಿಮಿಷದಲ್ಲಿ ‘ಕಳಸ್ರಿ’ ಒತ್ತಿದಳು. ‘ನಿಮ್ಮ ಅರ್ಜಿ ಮುಟ್ಟಿತ್ರಿ’ ಎಂದು ಉತ್ತರ ಬಂತು.

ಮಾಯಾ ಸುಮ್ಮನೆ ಕೂತಳು. ಕೈ ಇನ್ನೂ ಮೌಸ್ ಮೇಲೆಯೇ ಇತ್ತು.

ನಾನು ನಿಯಮ ಮುರಿದೆ. “ಮನಸ್ಸಿಗೆ ಬಂದದ್ದು ಹೇಳಬೇಕಲ್ರಿ?”

“ಎಲ್ಲಾ ಸಲೀಸ ಆತ್ರಿ,” ಪರದೆಯನ್ನೇ ನೋಡುತ್ತಾ ಅಂದಳು. “ಇನ್ನ ನೀವು ಬರೂದಿಲ್ಲ ಅಂತ ಮನಸ್ಸಿಗೆ ಬಂತು. ಇಷ್ಟ ಸಲೀಸ ಆಗಬಾರದಿತ್ತು ಅನಿಸ್ತು.”

ನಾನು ಪೆನ್ನು ಕೆಳಗಿಟ್ಟೆ. “ಬರ್ತೀನ್ರಿ. ಪೋರ್ಟಲ್ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ. ಖರೇ ಹೇಳ್ತೀನಿ, ನೀವಂದ್ರ ನನಗ ಭಾಳ ಇಷ್ಟ.”

ಅವಳು ನನ್ನ ಮುಂದಿದ್ದ ವಹಿಯನ್ನು ಮೆಲ್ಲಗೆ ಮುಚ್ಚಿ, ಅದರ ಮೇಲೆ ಕೈಯಿಟ್ಟಳು.

“ರವಿವಾರ ಹಲಸಿಗೆ ಬರ್ರಿ, ಗುಡಿ ನೋಡೂಣು. ಇದನ್ನ ಮಾತ್ರ ಮನ್ಯಾಗ ಇಟ್ಟ ಬರ್ರಿ.”