ಹಿಂದಿನ ಸೀಟಿನ ಬೆಲ್ಟು

ಅಣ್ಣ ಹೋವಾರ್ ಕಳೆದ ವರ್ಷ ಕಾರಿನ ಸಮೇತ ಬೆಟ್ಟಗಳ ನಡುವೆ ಚಾಚಿದ ಕಡಲತೋಳಾದ ಫ್ಯೋರ್ಡಿನ ನೀರಿಗೆ ಬಿದ್ದ. ಕಾರು ಸಿಕ್ಕಿತು, ಅವನು ಸಿಗಲಿಲ್ಲ. ಬೆಲ್ಟು ಹಾಕಿರಲಿಲ್ಲ, ತಪ್ಪು ಅವನದೇ ಎಂದು ಪೊಲೀಸರು ಕೈತೊಳೆದುಕೊಂಡರು. ಆ ಮಾತಿಗೆ ಉರಿದು ಉರಿದು ನನ್ನೊಳಗೆ ಈಗ ಬೂದಿಯಷ್ಟೇ ಉಳಿದಿದೆ.

ಆ ಜಾಗ ನೋಡಲೆಂದು ಗೆಳೆಯರಾದ ಟೋರ್ಗೈರ್, ಸಿಂದ್ರೆ ಜೊತೆ ನನ್ನ ಕಾರಿನಲ್ಲಿ ಹೊರಟೆ. ಬೆಟ್ಟ ಇಳಿಯುವಾಗ ಸೀಟ್ ಬೆಲ್ಟಿನ ಗಂಟೆ ಬಡಿದುಕೊಳ್ಳತೊಡಗಿತು. ಹಿಂದೆ ಸಿಂದ್ರೆಯ ಪಕ್ಕದ ಸೀಟು ಖಾಲಿಯಿತ್ತು.

“ನಿನ್ನ ಡಬ್ಬಾ ಕಾರಿಗೆ ಹುಚ್ಚು ಹಿಡಿದಿದೆ ಕಣೋ!” ಎಂದು ಸಿಂದ್ರೆ ಆ ಸೀಟಿಗೇ ಬೆಲ್ಟು ಹಾಕಿದ. ಸದ್ದು ನಿಂತಿತು. “ಥೂ, ಒದ್ದೆ ಆಗಿದೆ,” ಎಂದು ಕೈ ಒರೆಸಿಕೊಂಡ.

ಫ್ಯೋರ್ಡು ದಾಟಿಸುವ ಫೆರಿಯಲ್ಲಿ ಕಾರಿಗೆ ಬೀಗ ಹಾಕಿ, ಮೂವರೂ ಸ್ವೇಲೆ ಎಂಬ ಬಿಸಿ ಸಿಹಿದೋಸೆ ಕೊಳ್ಳಲು ಮೇಲಿನ ಅಂತಸ್ತಿಗೆ ಹೋದೆವು. ಮಾರುವ ಹೆಂಗಸು ಕಿಟಕಿಯಿಂದ ನಮ್ಮ ಕಾರಿನತ್ತ ಕೈಬೀಸಿದಳು.

“ಹೋದ ಸಲದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಪ್ಪ ಅವನಿಗೆ.”

ನಮ್ಮಲ್ಲಿ ಮೊದಲೇ ಭೇಟಿಯಾದವರಿಗಷ್ಟೇ ಆ ಮಾತು ಹೇಳುವುದು.

“ಯಾರಿಗೆ?” ಎಂದೆ.

“ಹಿಂದೆ ಕೂತಿರೋನಿಗೆ. ಅವತ್ತು ಅಷ್ಟು ನಗಿಸ್ದೋನು, ಇವತ್ತು ತಿರುಗೂ ನೋಡ್ತಿಲ್ಲ, ಜಂಬ!”

ಕೆಳಗಿಳಿದೆವು. ಕಾರಿನ ಬೀಗ ಹಾಕಿದಂತೆಯೇ ಇತ್ತು, ಒಳಗೆ ಯಾರೂ ಇರಲಿಲ್ಲ. ಬೆಲ್ಟು ಮಾತ್ರ ಸೀಟಿಗೆ ಅಂಟಿರಲಿಲ್ಲ. ಒಬ್ಬ ಮನುಷ್ಯನ ಎದೆಯಷ್ಟು ಮುಂದಕ್ಕೆ ಉಬ್ಬಿ, ಬಿಗಿಯಾಗಿ ನಿಂತಿತ್ತು.

“ಬಿಚ್ಚೋ ಅದನ್ನ,” ಎಂದ ಟೋರ್ಗೈರ್.

ನಾನು ಬಿಚ್ಚಲಿಲ್ಲ. ಇವತ್ತಿಗೂ ಬಿಚ್ಚಿಲ್ಲ.